ಸಮುದಾಯ ಆರೋಗ್ಯ ಕೇಂದ್ರ: ದೂರದೂರಿನ ಆಸ್ಪತ್ರೆಯಲ್ಲಿ ವೈದ್ಯರ ದುಡಿಮೆ

ಮೇಲುಕೋಟೆ: ವೈರಮುಡಿ ಉತ್ಸವದ ರಾತ್ರಿ ಮೇಲುಕೋಟೆಯಲ್ಲಿ ವೈದ್ಯರಿಗೆ ಬರವಿಲ್ಲ. ಚೆಲುವನಾರಾಯಣಸ್ವಾಮಿಯ ದರ್ಶನಕ್ಕೆ ಲಕ್ಷಾಂತರ ಭಕ್ತರು ಸೇರುವ ಆ ದಿನ ತಾತ್ಕಾಲಿಕ ಚಿಕಿತ್ಸಾ ಕೇಂದ್ರಗಳು ತೆರೆಯುತ್ತವೆ, ಆಂಬುಲೆನ್ಸ್‌ಗಳು ಸಜ್ಜಾಗಿ ನಿಲ್ಲುತ್ತವೆ. ಉತ್ಸವ ಮುಗಿದ ಮೇಲೆ ಬೆಟ್ಟದ ಮೇಲಿನ ಈ ಹೋಬಳಿ ಕೇಂದ್ರ ಎಂದಿನ ಬದುಕಿಗೆ ಮರಳುತ್ತದೆ. ಹೆರಿಗೆ ನೋವಿನ ನಡುವೆ ಶಸ್ತ್ರಚಿಕಿತ್ಸೆಯ ಅಗತ್ಯ ಬಿದ್ದ ಹೆಣ್ಣುಮಗಳು ಸುಮಾರು 25 ಕಿ.ಮೀ. ದೂರದ ತಾಲ್ಲೂಕು ಕೇಂದ್ರ ಪಾಂಡವಪುರಕ್ಕೋ, ಇನ್ನೂ ಮುಂದೆ ಮಂಡ್ಯ ಇಲ್ಲವೇ ಮೈಸೂರಿಗೋ ಹೊರಡಬೇಕು.

ಮಂಡ್ಯ ಜಿಲ್ಲೆಯ ಮಟ್ಟಿಗೆ ಈ ದೂರ ಸಹನೀಯ. ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ರಾಜ್ಯದ ಉತ್ತರ ಭಾಗದ ಸ್ಥಿತಿ ಹೀಗಿರಲಿಲ್ಲ. ಬೀದರ್ ಹಾಗೂ ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2007ರಲ್ಲಿ, ಕೊಪ್ಪಳದಲ್ಲಿ 2015ರಲ್ಲಿ, ಯಾದಗಿರಿಯಲ್ಲಿ 2022ರಲ್ಲಿ. ಇಂತಹ ಕಡೆಗಳಲ್ಲಿ ಹಳ್ಳಿಗೂ ದೊಡ್ಡಾಸ್ಪತ್ರೆಗೂ ನಡುವಿನ ಅಂತರವನ್ನು ತುಂಬಬೇಕಾದದ್ದು ಸಮುದಾಯ ಆರೋಗ್ಯ ಕೇಂದ್ರ. ಅಲ್ಲಿ ದುಡಿಯುವುದೆಂದರೆ ಏನು ಎಂಬುದರ ಕುರಿತ ಮಾಹಿತಿ ಇಲ್ಲಿದೆ.

ಹಿನ್ನೆಲೆ

ಗ್ರಾಮೀಣ ಆರೋಗ್ಯ ಸೇವೆಯ ಇತಿಹಾಸದಲ್ಲಿ ಮಂಡ್ಯಕ್ಕೂ ಒಂದು ಸ್ಥಾನವಿದೆ. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಂದಿಗೆ ಮಂಡ್ಯದಲ್ಲಿ ಆರೋಗ್ಯ ಘಟಕವನ್ನು ಆರಂಭಿಸಿತು. ಕೃಷ್ಣರಾಜಸಾಗರದ ನಾಲೆ ನೀರು ಹರಿದ ಮೇಲೆ ಈ ಸೀಮೆಯಲ್ಲಿ ಮಲೇರಿಯಾ ಹೆಚ್ಚಿದ್ದರಿಂದ ಅಂತಹ ಕೆಲಸದ ಮಹತ್ವವೂ ಹೆಚ್ಚಿತು. ಮುಂದೆ 1946ರಲ್ಲಿ ಭೋರ್ ಸಮಿತಿಯು ಹಳ್ಳಿಗಾಡಿಗೆ ಹಂತಹಂತದ ಆರೋಗ್ಯ ವ್ಯವಸ್ಥೆಯನ್ನು ಶಿಫಾರಸು ಮಾಡಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಅಂಗವಾಗಿ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆಯೆತ್ತಿದವು. 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಜಾರಿಗೆ ಬಂದ ಬಳಿಕ ಈ ಕೇಂದ್ರಗಳಿಗೆ ಗುಣಮಟ್ಟದ ಮಾನದಂಡಗಳು ರೂಪುಗೊಂಡವು.

ಈ ಮಾನದಂಡದ ಪ್ರಕಾರ ಬಯಲು ಸೀಮೆಯಲ್ಲಿ 5 ಸಾವಿರ ಜನಕ್ಕೊಂದು ಉಪಕೇಂದ್ರ, 30 ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1.20 ಲಕ್ಷ ಜನಕ್ಕೊಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ಸಮುದಾಯ ಕೇಂದ್ರಕ್ಕೆ 80 ಸಾವಿರ ಜನಸಂಖ್ಯೆ ಸಾಕು. ಅಲ್ಲಿ 30 ಹಾಸಿಗೆಗಳು, ಶಸ್ತ್ರಚಿಕಿತ್ಸಾ ಕೊಠಡಿ, ಹೆರಿಗೆ ಕೊಠಡಿ, ಎಕ್ಸ್‌ರೇ ಹಾಗೂ ಪ್ರಯೋಗಾಲಯ ಇರಬೇಕು. ಶಸ್ತ್ರಚಿಕಿತ್ಸೆ, ಸಾಮಾನ್ಯ ವೈದ್ಯಕೀಯ, ಪ್ರಸೂತಿ, ಮಕ್ಕಳ ಚಿಕಿತ್ಸೆ ಮತ್ತು ಅರಿವಳಿಕೆ ತಜ್ಞರು ಇರಬೇಕೆಂಬುದು ನಿಯಮ.

ಹಗಲಿನ ಕೆಲಸ

ಬೆಳಗ್ಗೆ ಹೊರರೋಗಿ ವಿಭಾಗದಲ್ಲಿ ಜ್ವರ, ಕೆಮ್ಮು, ಮಧುಮೇಹ, ರಕ್ತದೊತ್ತಡದವರ ಸಾಲು. ಅದರ ನಡುವೆಯೇ ಒಳರೋಗಿಗಳ ತಪಾಸಣೆ. ಜಗಳದಲ್ಲಿ ಗಾಯಗೊಂಡವರು, ಅಪಘಾತಕ್ಕೀಡಾದವರು ಬಂದರೆ ಚಿಕಿತ್ಸೆಯ ಜೊತೆಗೆ ಪೊಲೀಸರಿಗೆ ಗಾಯದ ಪ್ರಮಾಣಪತ್ರವನ್ನೂ ಕೊಡಬೇಕು. ಮರಣೋತ್ತರ ಪರೀಕ್ಷೆಯ ಹೊಣೆ ಬಂದಾಗ ತಿಂಗಳುಗಳ ಬಳಿಕ ನ್ಯಾಯಾಲಯಕ್ಕೆ ಹೋಗಿ ಸಾಕ್ಷಿಯನ್ನೂ ನುಡಿಯಬೇಕಾಗುತ್ತದೆ. ಕ್ಷಯ ನಿಯಂತ್ರಣ, ಲಸಿಕೆ, ಕುಟುಂಬ ಕಲ್ಯಾಣ ಕಾರ್ಯಕ್ರಮಗಳ ವರದಿ, ಸಭೆಗಳು ಇದಕ್ಕೆ ಹೊರತು. ನಗರದ ಆಸ್ಪತ್ರೆಯಲ್ಲಿ ಹಲವು ವಿಭಾಗಗಳು ಹಂಚಿಕೊಳ್ಳುವ ಕೆಲಸ ಇಲ್ಲಿ ಒಬ್ಬಿಬ್ಬರ ಹೆಗಲೇರುತ್ತದೆ.

ರಾತ್ರಿಯ ಪರೀಕ್ಷೆ

ಆಸ್ಪತ್ರೆಯ ನಿಜವಾದ ಸಾಮರ್ಥ್ಯ ತಿಳಿಯುವುದು ರಾತ್ರಿ ಪಾಳಿಯಲ್ಲಿ. ಕಬ್ಬು, ಭತ್ತ, ತೊಗರಿ ಬೆಳೆಯುವ ಸೀಮೆಗಳಲ್ಲಿ ಹಾವು ಕಡಿತ ಸಾಮಾನ್ಯ. ಕಡಿದ ಹಾವು ಯಾವುದೆಂದು ತಿಳಿಯದಿದ್ದಾಗ ವೈದ್ಯರು ಸ್ವಲ್ಪ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ರಕ್ತ ಹೆಪ್ಪುಗಟ್ಟದಿದ್ದರೆ ಕೊಳಕುಮಂಡಲದಂತಹ ಹಾವಿನ ವಿಷ ಏರಿದೆ ಎಂದರ್ಥ. ದುಬಾರಿ ಯಂತ್ರ ಬೇಡದ ಈ ಪರೀಕ್ಷೆ ಜೀವ ಉಳಿಸಬಲ್ಲದು. ನಾಗರಹಾವು, ಕಟ್ಟುಹಾವುಗಳ ವಿಷ ಉಸಿರಾಟವನ್ನೇ ನಿಲ್ಲಿಸಬಹುದು. ಆಗ ವಿಷನಿರೋಧಕ ಔಷಧದ ಜೊತೆಗೆ ದೊಡ್ಡಾಸ್ಪತ್ರೆ ತಲುಪುವವರೆಗೂ ಕೃತಕವಾಗಿ ಉಸಿರು ಕೊಡಬಲ್ಲ ಕೈಗಳು ಬೇಕು. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಹೆರಿಗೆಯ ಪ್ರಸಂಗ ಇನ್ನೂ ಸೂಕ್ಷ್ಮ. ಸಿಸೇರಿಯನ್‌ಗೆ ಪ್ರಸೂತಿ ತಜ್ಞರೊಬ್ಬರೇ ಸಾಲದು. ಅರಿವಳಿಕೆ ತಜ್ಞರು, ನುರಿತ ನರ್ಸ್‌ಗಳು, ಶೇಖರಿಸಿಟ್ಟ ರಕ್ತ, ಮಗುವಿನ ಆರೈಕೆ ಬಲ್ಲವರು ಒಂದೇ ವೇಳೆಯಲ್ಲಿ ಲಭ್ಯವಿರಬೇಕು. ಇವರಲ್ಲಿ ಒಬ್ಬರಿಲ್ಲದಿದ್ದರೂ ಉಳಿದವರ ವಿದ್ಯೆ ಆ ರಾತ್ರಿಗೆ ನಿರುಪಯುಕ್ತ. ಗರ್ಭಿಣಿಯನ್ನು ಮುಂದಿನ ಊರಿಗೆ ಕಳುಹಿಸುವುದೊಂದೇ ದಾರಿ. ಅರಿವಳಿಕೆ ತಜ್ಞರ ಕೊರತೆ ನೀಗಿಸಲು ಎಂಬಿಬಿಎಸ್ ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡುವ ಯೋಜನೆ ರೂಪುಗೊಂಡದ್ದು ಈ ಕಾರಣದಿಂದಲೇ. 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್ ಸೇವೆ ರಸ್ತೆಯ ಸಮಯವನ್ನು ಕಡಿಮೆ ಮಾಡಿತು. ಆದರೆ ಆಂಬುಲೆನ್ಸ್ ತಲುಪುವ ಕಡೆ ತಜ್ಞರ ತಂಡ ಪೂರ್ಣವಾಗಿರಬೇಕಷ್ಟೆ.

ಕಡ್ಡಾಯ ಸೇವೆ

ಖಾಲಿ ಹುದ್ದೆಗಳನ್ನು ತುಂಬಲು ಸರ್ಕಾರ ಕಾನೂನಿನ ಮೊರೆ ಹೋಯಿತು. ವೈದ್ಯಕೀಯ ಪದವೀಧರರು ಒಂದು ವರ್ಷ ಸರ್ಕಾರಿ ಸೇವೆ ಸಲ್ಲಿಸಬೇಕೆಂಬ ಕಾಯ್ದೆಯನ್ನು ರಾಜ್ಯ 2012ರಲ್ಲಿ ರೂಪಿಸಿ 2015ರಲ್ಲಿ ಜಾರಿಗೆ ತಂದಿತು. ತಜ್ಞ ಪದವೀಧರರೂ ಇದರ ವ್ಯಾಪ್ತಿಗೆ ಬಂದರು. ಹಲವು ರಾಜ್ಯಗಳು ವಿಧಿಸಿದ್ದ ಇಂತಹ ಸೇವಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿಯಿತು. ಪದವೀಧರರ ಸಂಖ್ಯೆ ಹುದ್ದೆಗಳಿಗಿಂತ ಹೆಚ್ಚಾದ ಕಾರಣ ರಾಜ್ಯ ಸರ್ಕಾರ 2023ರಲ್ಲಿ ತಿದ್ದುಪಡಿ ತಂದು, ಖಾಲಿ ಇರುವ ಹುದ್ದೆಗಳಷ್ಟಕ್ಕೇ ಕಡ್ಡಾಯ ಸೇವೆಯನ್ನು ಮಿತಿಗೊಳಿಸಿತು.

ಹೀಗೆ ದಕ್ಷಿಣದಿಂದ ಉತ್ತರಕ್ಕೆ ಹೋಗುವ ಯುವ ವೈದ್ಯರಿಗೆ ಮೊದಲ ಪಾಠ ಭಾಷೆಯದು. ಬೆಂಗಳೂರಿನಿಂದ ಸುಮಾರು 700 ಕಿ.ಮೀ. ದೂರದ ಬೀದರ್‌ನಲ್ಲಿ ಕನ್ನಡದೊಂದಿಗೆ ಉರ್ದು, ಮರಾಠಿ, ತೆಲುಗು ಬೆರೆತಿವೆ. ಕನ್ನಡವೂ ಬೇರೆಯೇ. ಹಳೇ ಮೈಸೂರಿನವರ ಕಿವಿಗೆ ‘ಉರಿ’ ಎಂದರೆ ಎದೆಯುರಿ, ಕಣ್ಣುರಿ. ಕಲಬುರಗಿ ಕಡೆಯ ರೋಗಿ ‘ಉರಿ ಬಂದಾವ್ರಿ’ ಎಂದರೆ ಜ್ವರ. ರೋಗಿಯ ಮಾತನ್ನು ತಪ್ಪಾಗಿ ಗ್ರಹಿಸಿದರೆ ಚಿಕಿತ್ಸೆಯೂ ತಪ್ಪುತ್ತದೆ. ಇಂತಹ ವೇಳೆ ನೆರವಿಗೆ ಬರುವವರು ಸ್ಥಳೀಯ ನರ್ಸ್‌ಗಳು ಮತ್ತು ಆಶಾ ಕಾರ್ಯಕರ್ತೆಯರು. ಒಂದೆರಡು ತಿಂಗಳಲ್ಲಿ ವೈದ್ಯರು ಊರಿನ ಮಾತು, ರೋಗ, ರಸ್ತೆಗಳನ್ನು ಅರಿಯುತ್ತಾರೆ. ಊರವರಿಗೂ ಅವರ ಮೇಲೆ ವಿಶ್ವಾಸ ಮೂಡುತ್ತದೆ. ಆ ಹೊತ್ತಿಗೆ ವರ್ಷ ಮುಗಿಯುತ್ತಾ ಬಂದಿರುತ್ತದೆ.

ಉಳಿಯುವ ಪ್ರಶ್ನೆ

ಕಾಯ್ದೆ ವೈದ್ಯರನ್ನು ಕಳುಹಿಸಬಲ್ಲದು, ಉಳಿಸಿಕೊಳ್ಳಲಾರದು. ವಾಸಯೋಗ್ಯ ವಸತಿಗೃಹ, ಮಕ್ಕಳಿಗೆ ಶಾಲೆ, ಪತಿ ಅಥವಾ ಪತ್ನಿಗೆ ಸಮೀಪದಲ್ಲೇ ಕೆಲಸ, ಹಲ್ಲೆಯಿಂದ ರಕ್ಷಣೆ, ರಾತ್ರಿ ಪಾಳಿ ಹಂಚಿಕೊಳ್ಳಲು ಮತ್ತೊಬ್ಬ ವೈದ್ಯ ಇವು ಉಳಿಯುವ ನಿರ್ಧಾರವನ್ನು ರೂಪಿಸುವ ಅಂಶಗಳು. ಒಬ್ಬರನ್ನೇ ಕಳುಹಿಸುವುದಕ್ಕಿಂತ ಪ್ರಸೂತಿ, ಅರಿವಳಿಕೆ ಮತ್ತು ಮಕ್ಕಳ ತಜ್ಞರನ್ನು ಒಂದೇ ತಂಡವಾಗಿ ನೇಮಿಸುವುದು ಹೆಚ್ಚು ಫಲಕಾರಿ. ಮೂರು ಆಸ್ಪತ್ರೆಗಳಿಗೆ ಒಬ್ಬೊಬ್ಬರಂತೆ ಹಂಚಿದ ಮೂವರು ತಜ್ಞರಿಂದ ಒಂದು ಸಿಸೇರಿಯನ್ ಕೂಡ ನಡೆಯದು. ಒಂದೇ ಆಸ್ಪತ್ರೆಯಲ್ಲಿದ್ದರೆ ಸುತ್ತಲಿನ ಊರುಗಳಿಗೆಲ್ಲ ಆಸರೆಯಾಗುತ್ತದೆ.

ಕಟ್ಟಡ, ಹಾಸಿಗೆ, ಯಂತ್ರಗಳ ಲೆಕ್ಕ ಕಡತದಲ್ಲಿ ಸಿಗುತ್ತದೆ. ಮೇಲುಕೋಟೆಯ ಬೆಟ್ಟದವರಿಗಾಗಲಿ ಬೀದರ್‌ನ ಗಡಿಯವರಿಗಾಗಲಿ ಬೇಕಾದದ್ದು ಇನ್ನೊಂದು ಲೆಕ್ಕ: ನಡುರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಬಾಗಿಲು ತಟ್ಟಿದಾಗ ಒಳಗೆ ಯಾರ್‍ಯಾರು ಇದ್ದಾರೆ ಎಂಬುದು.