ಜ್ಯಾಖಂಡಗಳೂ ವಕ್ರರೇಖೆಯ ಬಾಗೂ

ಜ್ಯಾ ಎಂದರೆ ಬಿಲ್ಲಿನ ಹೆದೆ. ಆ ಹೆದೆಯ ಅರ್ಧವನ್ನೇ ನಮ್ಮ ಜ್ಯೋತಿಷಿಗಳು ಲಾಘವಕ್ಕಾಗಿ ಜ್ಯಾ ಎಂದು ವ್ಯವಹರಿಸಿದರು. 476ರಲ್ಲಿ ಜನಿಸಿದ ಆರ್ಯಭಟನು ವೃತ್ತಪಾದವನ್ನು 24 ಭಾಗಮಾಡಿ, ಜ್ಯೆಗಳನ್ನಲ್ಲ, ಅವುಗಳ ಅಂತರಗಳನ್ನೇ ಒಂದು ಪದ್ಯದಲ್ಲಿ ಅಡಕಗೊಳಿಸಿದನು. 225, 224, 222, 219 ಎಂದು ಮೊದಲಾಗುವ ಈ ಖಂಡಗಳು ಕಡೆಗೆ 22, 7 ಎಂದು ಮುಗಿಯುತ್ತವೆ. ಜ್ಯೆಯು ಬೆಳೆಯುತ್ತಿದ್ದರೂ ಅದರ ಬೆಳವಣಿಗೆಯು ಕುಗ್ಗುತ್ತಿರುವುದು. ಆದುದರಿಂದಲೇ ಆ ರೇಖೆಯು ಕೆಳಮುಖವಾಗಿ ಬಾಗುವುದು. ಈ ಖಂಡಗಳಿಗೂ ಅಂತರವನ್ನು ತೆಗೆದರೆ ಆದಿಯಲ್ಲಿ 1, 2, 3, ಅಂತ್ಯದಲ್ಲಿ 15 ದೊರೆಯುತ್ತವೆ. ಆಯಾ ಜ್ಯೆಯನ್ನು 225ರಿಂದ ಭಾಗಿಸಿದ ಲಬ್ಧವೂ ಹೆಚ್ಚುಕಡಿಮೆ ಇದೇ! ಸೂರ್ಯಸಿದ್ಧಾಂತವು ಈ ಸಂಬಂಧದಿಂದಲೇ ಜ್ಯೆಗಳನ್ನು ಸಾಧಿಸುತ್ತದೆ. ಜ್ಯೆಯ ದ್ವಿತೀಯ ಅವಕಲನವು ಋಣಚಿಹ್ನೆಯುಳ್ಳ ಜ್ಯೆಯೇ ಎಂದು ಇಂದಿನ ವಿದ್ಯಾರ್ಥಿಯು ಕಲಿಯುವುದು ಇದನ್ನೇ.

ಬ್ರಹ್ಮಗುಪ್ತನು 665ರ 'ಖಂಡಖಾದ್ಯಕ'ದಲ್ಲಿ ಈ ಬಾಗನ್ನು ಕೆಲಸಕ್ಕೆ ಹಚ್ಚಿದನು. ಅವನ ತ್ರಿಜ್ಯೆ 150. ಹದಿನೈದು ಹದಿನೈದು ಅಂಶಗಳಿಗೆ ಖಂಡಗಳು 39, 36, 31, 24, 15, 5. ಐವತ್ತು ಅಂಶಗಳ ಜ್ಯೆ ಬೇಕಾಗಿದೆ ಎನ್ನೋಣ. ನಲವತ್ತೈದಕ್ಕೆ 106. ಮಿಕ್ಕ ಐದಂಶಕ್ಕೆ ಬರಿಯ ತ್ರೈರಾಶಿಕವು 24ರ ಮೂರನೆಯ ಒಂದು ಪಾಲನ್ನು, ಅಂದರೆ 8ನ್ನು ಕೂಡಿಸಿ 114 ಎನ್ನುತ್ತದೆ. ಬ್ರಹ್ಮಗುಪ್ತನಾದರೋ ಗತಖಂಡ 31, ಭೋಗ್ಯಖಂಡ 24, ಇವುಗಳ ಯೋಗಾರ್ಧವಾದ 27½ರಿಂದ ಅಂತರಾರ್ಧದ ಮೂರನೆಯ ಒಂದು ಪಾಲನ್ನು ಕಳೆದು, ಉಳಿದುದರ ಮೂರನೆಯ ಪಾಲನ್ನು ಕೂಡಿಸುತ್ತಾನೆ. ಬರುವುದು 114.78, ನಿಜವಾದ ಬೆಲೆ 114.91. ತ್ರೈರಾಶಿಕವು ರೇಖೆಯನ್ನು ನೆಟ್ಟಗೆ ಭಾವಿಸಿತು, ಇವನು ಬಾಗನ್ನು ಲೆಕ್ಕಕ್ಕೆ ತೆಗೆದುಕೊಂಡನು.

ಇಷ್ಟರಿಂದ ಎಲ್ಲವೂ ನಮ್ಮಲ್ಲೇ ಇದ್ದಿತೆಂದು ಹೇಳುವುದು ಅಭಿಮಾನದ ಮಾತೇ ಹೊರತು ವಿಚಾರದ ಮಾತಲ್ಲ. ಇವು ಸಾಂತವಾದ ಅಂತರಗಳು. ಯಾವುದೇ ವಕ್ರರೇಖೆಗೆ ಅನ್ವಯಿಸುವ ನಿಯಮವನ್ನು, ಅಂತರದ ಅಂತರದಿಂದ ಉಬ್ಬುತಗ್ಗುಗಳನ್ನೂ ಬಾಗು ಮಗುಚುವ ಬಿಂದುವನ್ನೂ ಗುರುತಿಸುವ ಬಗೆಯನ್ನು, 1684ರಲ್ಲಿ ಪ್ರಕಟಿಸಿದವನು ಜರ್ಮನಿಯ ಲೈಬ್ನಿಟ್ಸ್. 1696ರಲ್ಲಿ ಫ್ರಾನ್ಸಿನ ಲೋಪಿತಾಲನು ತನ್ನ ಗ್ರಂಥದಲ್ಲಿ ಅದನ್ನು ವಿಸ್ತರಿಸಿದನು. ದ್ವಿತೀಯ ಅವಕಲನವು ಸೊನ್ನೆಯಾದ ಮಾತ್ರಕ್ಕೆ ಬಾಗು ಮಗುಚದು, ಅದರ ಚಿಹ್ನೆಯೂ ಬದಲಾಗಬೇಕು. ಘನದ ರೇಖೆಯು ಸೊನ್ನೆಯಲ್ಲಿ ಮಗುಚುತ್ತದೆ. ವರ್ಗವರ್ಗದ ರೇಖೆಯು ಮಗುಚುವುದಿಲ್ಲ.

ನಮ್ಮವರಿಗೆ ಆ ಬಿಂದುವು ಏಕೆ ಗೋಚರಿಸಲಿಲ್ಲ? ಬುದ್ಧಿಯ ಕೊರತೆಯಿಂದಲ್ಲ, ಪದ್ಧತಿಯಿಂದ ಎನ್ನಬೇಕು. ಅವರು ವೃತ್ತವನ್ನು ನಾಲ್ಕು ಪಾದಗಳಾಗಿ ಒಡೆದು, ಒಂದೇ ಪಾದದ ಕೋಷ್ಟಕವನ್ನು ಎಲ್ಲಕ್ಕೂ ಉಪಯೋಗಿಸಿದರು; ಆ ಪಾದದೊಳಗೆ ಬಾಗು ಒಂದೇ ಬಗೆಯದು. ಜ್ಯೆಯ ರೇಖೆಯು ಮಗುಚುವುದು ಎರಡನೆಯ ಪಾದವು ಮುಗಿದು ಮೂರನೆಯದು ತೊಡಗುವಲ್ಲಿ. ಅಲ್ಲಿ ಅವರು ಧನವನ್ನು ಋಣವೆಂದು ಬರೆದುಕೊಂಡು ಮುಂದೆ ನಡೆದರು.