ಅಡುಗೆಮನೆ ಎಲ್ಲಿತ್ತು?

ಅಪ್ಪಯ್ಯನಿಗೆ ಎಪ್ಪತ್ತೈದು ತುಂಬಿದ ದಿನ ಮನೆಯಲ್ಲೇ ಹೋಳಿಗೆ ಮಾಡುವಾ ಅಂದಿದ್ದರು ಅಮ್ಮ. ಮಕ್ಕಳು ಕೇಳಬೇಕಲ್ಲ! ಅಜ್ಜನಿಗೆ ನಮ್ಮ ಟ್ರೀಟ್ ಅಂತ ಮಾಲಿನ ಮೂರನೇ ಮಹಡಿಯ ಒಂದು ರೆಸ್ಟೋರೆಂಟಿನಲ್ಲಿ ಆರು ಜನಕ್ಕೆ ಟೇಬಲ್ ಹಿಡಿದೇಬಿಟ್ಟರು. ಊರೂರಿಗೂ ಶಾಖೆ ಇರುವಂಥ ಹೋಟೆಲು. ಹೆಸರು ಬೇಡ, ಅಂಥದ್ದರಲ್ಲಿ ಒಂದು ಅಂದುಕೊಳ್ಳಿ.

ಟೇಬಲ್ ಹಿಡಿದಿದ್ದರೂ ಹೊರಗೆ ಅರ್ಧ ಗಂಟೆ ಕಾದೆವು. ಒಳಗೆ ಹಾಡಿನ ಗದ್ದಲ. ಟೊಮೇಟೊ ಸೂಪು ಬಂತು, ಉಗುರುಬೆಚ್ಚಗೆ, ಬಾಯಿಗಿಡಲಾಗದಷ್ಟು ಉಪ್ಪು. ಅಪ್ಪಯ್ಯನಿಗೆ ಬಿ.ಪಿ. ಇದೆ. "ಉಪ್ಪು ಕಮ್ಮಿ ಮಾಡಿ ಕೊಡ್ಲಿಕ್ಕೆ ಆಗ್ತದಾ?" ಅಂತ ತಂದಿಟ್ಟ ಹುಡುಗನನ್ನು ಕೇಳಿದರು. ಅವನಿಗೆ ಕನ್ನಡ ಬಾರದು. ಅಪ್ಪಯ್ಯ ತಮ್ಮ ಹಳೇ ಬಾಂಬೆ ಹಿಂದಿಯಲ್ಲಿ ಮತ್ತೊಮ್ಮೆ ಕೇಳಿದರು. ಹುಡುಗ ಪಾಪ ಮರ್ಯಾದೆಯಿಂದಲೇ ಹೇಳಿದ: ಸೂಪು ರೆಡಿಯಾಗಿ ಬರುತ್ತದೆ, ಇಲ್ಲಿ ಬಿಸಿ ಮಾಡುವುದಷ್ಟೇ. ನನಗೆ ರೇಗಿತು, ಮ್ಯಾನೇಜರನ್ನು ಕರಿ ಅಂದೆ. ಅಪ್ಪಯ್ಯ ನನ್ನ ಕೈ ಒತ್ತಿದರು. "ಬಿಡ್ ಮಾರಾಯ. ಅವ ತಂದ್ ಇಡೂದ್ ಮಾತ್ರ. ಅವನ್ ಹತ್ರ ಎಂತ ಕೇಂಬುದು?"

ಆಮೇಲೆ ಬಂದ ಪಾಸ್ತಾ, ಪನೀರಿನ ಯಾವುದೋ ತುಂಡುಗಳು, ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಕೊನೆಗೆ ನಾಲ್ಕು ಜನ ಸಪ್ಲಾಯರುಗಳು ಬಂದು ಚಪ್ಪಾಳೆ ತಟ್ಟಿ ಹ್ಯಾಪಿ ಬರ್ತ್‌ಡೇ ಹಾಡಿದರು. ಅಪ್ಪಯ್ಯ ಎದ್ದು ನಿಂತು ಅವರಿಗೆಲ್ಲ ಕೈಮುಗಿದರು. ಮೊಮ್ಮಕ್ಕಳು ತಲೆ ತಗ್ಗಿಸಿದವು. ಕೈತೊಳೆಯಲು ಹೋದ ಅಪ್ಪಯ್ಯ ಎಷ್ಟು ಹೊತ್ತಾದರೂ ಬರಲಿಲ್ಲ ಅಂತ ಹುಡುಕಿಕೊಂಡು ಹೋದರೆ, ಒಂದು ಮುಚ್ಚಿದ ಬಾಗಿಲಿನ ದುಂಡು ಗಾಜಿನಲ್ಲಿ ಇಣುಕುತ್ತಾ ನಿಂತಿದ್ದರು. ಕಾರು ಹತ್ತಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಾ, ಅಡುಗೆಮನೆ ಎಲ್ಲಿತ್ತು?"

ಉತ್ತರ ಹುಡುಕಬೇಕಾದರೆ ಅಮೆರಿಕಕ್ಕೆ ಹೋಗಬೇಕು. 1876ರಲ್ಲಿ ಫ್ರೆಡ್ ಹಾರ್ವಿ ಎಂಬಾತ ಕ್ಯಾನ್ಸಸ್ ರಾಜ್ಯದ ಟೊಪೀಕಾ ರೈಲು ನಿಲ್ದಾಣದಲ್ಲಿ ಊಟದ ಮನೆ ತೆರೆದ. ರೈಲು ಹಾದಿಯಲ್ಲಿ ಸಿಗುತ್ತಿದ್ದ ಕೆಟ್ಟ ಊಟಕ್ಕೆ ಬೇಸತ್ತವರಿಗೆ ಇದು ದೇವರು ಕೊಟ್ಟ ವರ. ಹಳಿಯ ಉದ್ದಕ್ಕೂ ಅಂಥವೇ ಹೋಟೆಲುಗಳಾದವು, ಎಲ್ಲೇ ಇಳಿದರೂ ಒಂದೇ ಮಟ್ಟದ ಊಟ. ಆದರೆ ಅಲ್ಲೆಲ್ಲ ಅಡುಗೆಯವನು ಇದ್ದ, ಒಲೆ ಇತ್ತು. ಒಲೆ ಜಾಗ ಬಿಟ್ಟದ್ದು ಇಪ್ಪತ್ತನೇ ಶತಮಾನದಲ್ಲಿ, ರೈಲಿನ ಜಾಗಕ್ಕೆ ಕಾರು ಬಂದಾಗ. ಹೆದ್ದಾರಿಗಳ ಬದಿಯಲ್ಲಿ ಕಿತ್ತಳೆ ಬಣ್ಣದ ಮಾಡು ಹೊದ್ದ ಹೊವಾರ್ಡ್ ಜಾನ್ಸನ್ ಹೋಟೆಲುಗಳು ಎದ್ದವು. ಅಲ್ಲಿಗೆ ಬೇಕಾದ ಅಡುಗೆಯಲ್ಲಿ ಬಹಳಷ್ಟು ತಯಾರಾಗುತ್ತಿದ್ದುದು ದೂರದ ಕೇಂದ್ರ ಅಡುಗೆಮನೆಯಲ್ಲಿ. ಅಲ್ಲಿಂದ ಮಂಜುಗಟ್ಟಿಸಿ ಲಾರಿಯಲ್ಲಿ ಕಳಿಸುತ್ತಿದ್ದರು. ಫ್ರಾನ್ಸಿನಿಂದ ಬಂದ ಹೆಸರಾಂತ ಬಾಣಸಿಗ ಝಾಕ್ ಪೆಪಾಂ 1960ರ ದಶಕದಲ್ಲಿ ದುಡಿದದ್ದು ಅಂಥ ಕಡೆಯಲ್ಲೇ. ಹಾಗಾಗಿ ಕಂಪೆನಿ ಅಡುಗೆ ಅಂದರೆ ಕೆಟ್ಟ ಅಡುಗೆ ಅಂತ ತೀರ್ಪು ಕೊಡುವ ಹಾಗಿಲ್ಲ. ಒಳ್ಳೆಯ ಬಾಣಸಿಗನೇ ಇದ್ದ. ಆದರೆ ತಿನ್ನುವವನಿಗೆ ಕಾಣುತ್ತಿರಲಿಲ್ಲ, ಉಪ್ಪು ಜಾಸ್ತಿಯಾಯ್ತು ಅಂದರೆ ಅವನಿಗೆ ಕೇಳಿಸುತ್ತಲೂ ಇರಲಿಲ್ಲ.

ಈಗ ನಮ್ಮ ಕರಾವಳಿಗೆ ಬನ್ನಿ. ಇಲ್ಲಿಂದ ಹೊರಟದ್ದೂ ಸರಪಳಿಯೇ, ಆದರೆ ಕಾಗದ ಪತ್ರ ಇಲ್ಲದ್ದು. 1923ರ ದೊಡ್ಡ ನೆರೆ, ಸಾಲದ ಹೊರೆ, ಗದ್ದೆ ಸಾಲದ ಮನೆಗಳು ಹುಡುಗರನ್ನು ಘಟ್ಟ ಹತ್ತಿಸಿದವು, ಹಡಗು ಹತ್ತಿಸಿದವು. ಕಡಂದಲೆಯ ಕೃಷ್ಣರಾಯರು ಕೂಲಿ ಕೆಲಸದಿಂದ ಶುರುಮಾಡಿ ಮದ್ರಾಸಿನ ಮೌಂಟ್ ರೋಡಿನಲ್ಲಿ ಹೋಟೆಲಿಟ್ಟರು, 1930ರ ದಶಕದ ಕೊನೆಗೆ ವುಡ್‌ಲ್ಯಾಂಡ್ಸ್ ಕಟ್ಟಿದರು. 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ರಾಮ ನಾಯಕರ ಊಟದ ಮನೆ ಬಂತು. ಒಬ್ಬ ಹೋದರೆ ಭಾವನನ್ನು ಕರೆಸುತ್ತಿದ್ದ, ಭಾವ ತನ್ನ ತಂಗಿಯ ಮಗನನ್ನು. ಅವನು ರುಬ್ಬುತ್ತಾ ರುಬ್ಬುತ್ತಾ ಕೈ ಕುದುರಿಸಿಕೊಂಡು ಮುಂದಿನ ಬೀದಿಯಲ್ಲಿ ತನ್ನದೇ ಬೋರ್ಡು ಹಾಕುತ್ತಿದ್ದ. ಬೋರ್ಡಿನ ಮೇಲೆ ಎಲ್ಲ ಕಡೆಯೂ ಉಡುಪಿ, ಕೃಷ್ಣ. ಸಾಂಬಾರು ಮಾತ್ರ ಒಬ್ಬೊಬ್ಬ ಭಟ್ಟರದು ಒಂದೊಂದು ಥರ. ಚೆನ್ನಾಗಿಲ್ಲದಿದ್ದರೆ ಗಲ್ಲಾದಲ್ಲಿ ಕೂತ ಧಣಿಗೆ ಮುಖದ ಮೇಲೆ ಹೇಳಬಹುದಿತ್ತು.

ಬೆಂಗಳೂರಿನಲ್ಲಿ ಎಂ.ಟಿ.ಆರ್. ಕಥೆ ನಿಮಗೆ ಗೊತ್ತೇ ಇರುತ್ತದೆ. 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ಸ್ ಕಾಫಿ ಕ್ಲಬ್. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದವರು. ಬಂದವರೇ ಪಾತ್ರೆ ಪಡಗಗಳನ್ನು ಹಬೆಯಲ್ಲಿ ತೊಳೆಸಿದರು, ಗಿರಾಕಿಗಳಿಗೆ ಅಡುಗೆಮನೆ ತೋರಿಸಿದರು. ನೋಡಿ, ಆಮೇಲೆ ತಿನ್ನಿ ಅಂತ! ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಹುಟ್ಟಿದ್ದು ಅಲ್ಲೇ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರ ಕಟ್ಟಿಹಾಕಿದಾಗ ಹೋಟೆಲಿಗೆ ನಷ್ಟವಾಗಿ, ಹಿಟ್ಟು ಪುಡಿಗಳ ಪೊಟ್ಟಣದ ವ್ಯಾಪಾರಕ್ಕೆ ಇಳಿದರು. ಆ ಪೊಟ್ಟಣದ ಕಂಪೆನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಅಂದರೆ ಅಡುಗೆಮನೆ ಹೋಟೆಲು ಬಿಟ್ಟು ಹೊರಡುವುದು ಅಮೆರಿಕದಿಂದ ಮಾತ್ರ ಬಂದ ರೋಗ ಅಂತ ಹೇಳಿ ಕೈತೊಳೆದುಕೊಳ್ಳಲಾಗದು. 1995ರಲ್ಲಿ ಬ್ರಿಗೇಡ್ ರೋಡಿನಲ್ಲಿ ಕೆ.ಎಫ್.ಸಿ. ತೆರೆದಾಗ ಪ್ರೊ. ನಂಜುಂಡಸ್ವಾಮಿಯವರ ರೈತಸಂಘ ಬೀದಿಗಿಳಿಯಿತು. ನಮ್ಮದೇ ಪೊಟ್ಟಣಗಳು ಆ ಹೊತ್ತಿಗೆ ಸದ್ದಿಲ್ಲದೆ ನಮ್ಮ ಮನೆ ಡಬ್ಬಿ ಸೇರಿಯಾಗಿತ್ತು.

ಇಷ್ಟನ್ನೂ ಮಾರನೇ ದಿನ ಅಪ್ಪಯ್ಯನಿಗೆ ಹೇಳಿದೆ. ಹಳೇ ಹೋಟ್ಲುಗಳೇ ಚೆಂದ ಇದ್ದವು ಅಲ್ವಾ ಅಂತ ಬಾಲ ಸೇರಿಸಿದೆ. ಅವರು ನಕ್ಕರು.

ಅಪ್ಪಯ್ಯ ಹನ್ನೆರಡನೇ ವರ್ಷಕ್ಕೆ ಕುಂದಾಪುರದಿಂದ ಮುಂಬಯಿಗೆ ಹೋಗಿ ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಕ್ಲೀನರ್ ಆಗಿದ್ದವರು. ಹಗಲು ಟೇಬಲ್ ಒರೆಸುವುದು, ಲೋಟ ತೊಳೆಯುವುದು, ಸಂಜೆ ಕನ್ನಡದ ರಾತ್ರಿಶಾಲೆ. ಬಾಗಿಲು ಹಾಕಿದ ಮೇಲೆ ಅದೇ ಟೇಬಲುಗಳನ್ನು ಜೋಡಿಸಿ ನಿದ್ದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವತ್ತು ಹೇಳಿದರು. ನಾಲ್ಕು ವರ್ಷ ಅಲ್ಲಿ ಇದ್ದರೂ ಒಂದು ದಿನವೂ ಅಡುಗೆಮನೆ ಹೊಸಿಲು ದಾಟಿದ್ದಿಲ್ಲವಂತೆ. ಒಳಗೆ ಭಟ್ಟರು. ನಮ್ಮ ಜಾತಿಯವರು ತೊಳೆದ ಲೋಟ ಹೊರಗಿನ ಕಟ್ಟೆಯ ಮೇಲಿಡಬೇಕು, ಒಳಗಿನವರು ಇನ್ನೊಂದು ಸಲ ನೀರು ಹಾಕಿ ತೆಗೆದುಕೊಳ್ಳುತ್ತಿದ್ದರು. "ದೋಸೆ ಹುಯ್ಯೂದ್ ಕಲೀಕಂತ ಭಾರಿ ಆಸೆ ಇತ್ತ್. ಶಬ್ದ ಮಾತ್ರ ಕೇಂತಿತ್ತ್," ಅಂದರು.

ಸಾರ್ವಜನಿಕ ಹೋಟೆಲುಗಳಿಗೆ ಹೋಗಲು ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಅಂತ ಸಂವಿಧಾನದ 15ನೇ ವಿಧಿ 1950ರಲ್ಲೇ ಹೇಳಿತ್ತು. ಆದರೂ ಹೋಟೆಲು ಬೋರ್ಡಿನಿಂದ ಬ್ರಾಹ್ಮಣ ಅನ್ನುವ ಪದ ಅಳಿಸಲು 1957ರಲ್ಲಿ ಪೆರಿಯಾರ್ ಕಡೆಯವರು ಮದ್ರಾಸಿನ ಮುರಳಿ ಕೆಫೆ ಮುಂದೆ ಧರಣಿ ಕೂರಬೇಕಾಯಿತು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವಂತಿಲ್ಲ ಅನ್ನುವ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಪ್ಪಯ್ಯನಿಗೆ ಆಗ ಮೊಮ್ಮಗಳು ಹುಟ್ಟಿದ್ದಳು.

ನನಗೆ ಮಾತು ಹೊರಡಲಿಲ್ಲ. ಮಾಲಿನ ಆ ಹುಡುಗನ ಜಾತಿ ಯಾವುದು ಅಂತ ನಾವು ಆರು ಜನರಲ್ಲಿ ಯಾರಿಗೂ ಹೊಳೆದಿರಲಿಲ್ಲ, ನಮ್ಮದನ್ನು ಅವನೂ ಕೇಳಿರಲಿಲ್ಲ. ಉಪ್ಪುಪ್ಪು ಸೂಪಿನ ಎದುರು ಅದನ್ನು ಹೇಗೆ ತೂಗುವುದೋ ಗೊತ್ತಾಗದೆ ಸುಮ್ಮನೆ ಕೂತೆ.

"ಆ ಬಾಗಿಲ ಹತ್ರ ಅವ ಸಿಕ್ಕಿದ್ದ," ಅಂದರು ಅಪ್ಪಯ್ಯ. ಬಿಲ್ಲಿನ ಜೊತೆ ಇಟ್ಟರೆ ಅವನಿಗೆ ಸೇರುತ್ತದೋ ಇಲ್ಲವೋ ಅಂತ ಇನ್ನೂರು ರೂಪಾಯಿ ಕೈಗೇ ಕೊಟ್ಟರಂತೆ. ಊರು ಅಸ್ಸಾಮಿನ ಕಡೆ, ಮನೆ ತಲುಪಲು ಮೂರು ದಿನ ಬೇಕಂತೆ. ವಾರಕ್ಕೊಂದು ರಜೆಯಂತೆ, ಆದಿತ್ಯವಾರ ಮಾತ್ರ ಕೊಡುವುದಿಲ್ಲವಂತೆ. ಒಳಗೆ ಒಲೆ ಉಂಟಾ ಅಂತ ಕೇಳಿದ್ದಕ್ಕೆ, ನಾಲ್ಕು ಮೈಕ್ರೋವೇವ್, ಎಣ್ಣೆಯದು ಒಂದು ಅಂದನಂತೆ.

ಸ್ವಲ್ಪ ಹೊತ್ತು ಬಿಟ್ಟು ಅಪ್ಪಯ್ಯ ಮತ್ತೆ ಅಂದರು, "ರಾತ್ರಿ ಮನಿಕಂಬುದ್ ಎಲ್ಲಿ ಅಂತ ಕೇಂಬುಕೆ ಮರ್ತೋಯ್ತ್."