ಈಮೇಲ್ (ಪೈಥಾನ್ ಲೈಬ್ರರಿ)

ಈಮೇಲ್ ಎಂಬುದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಲೈಬ್ರರಿ. ಇಮೇಲ್ ಸಂದೇಶದ ಕಚ್ಚಾ ಪಠ್ಯವನ್ನು ಬಿಡಿಸಿ ಕಳಿಸಿದವರ ವಿಳಾಸ, ವಿಷಯ, ದಿನಾಂಕ, ಬರಹ, ಲಗತ್ತುಗಳನ್ನು ಬೇರೆಬೇರೆಯಾಗಿ ಒದಗಿಸುತ್ತದೆ. ಹೊಸ ಸಂದೇಶ ರಚಿಸಲೂ ಇದು ಬಳಕೆಯಾಗುತ್ತದೆ. ಸಂದೇಶವನ್ನು ಕಳಿಸುವ, ತರಿಸಿಕೊಳ್ಳುವ ಕೆಲಸಕ್ಕೆ ಬೇರೆ ಲೈಬ್ರರಿಗಳಿವೆ.

ಇತಿಹಾಸ

1982ರ ಆರ್‌ಎಫ್‌ಸಿ 822 ನಿಯಮಾವಳಿಯ ಪ್ರಕಾರ ಇಮೇಲ್‌ನಲ್ಲಿ ಆಸ್ಕಿ ಚಿಹ್ನೆಗಳಿಗೆ, ಎಂದರೆ ಇಂಗ್ಲಿಷ್ ಅಕ್ಷರ, ಅಂಕಿ ಮುಂತಾದವಕ್ಕೆ ಮಾತ್ರ ಜಾಗವಿತ್ತು. ನೆಥೇನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಮೈಮ್ ಮಾನದಂಡವು 1992ರಲ್ಲಿ ಪ್ರಕಟವಾಗಿ, ಇತರ ಲಿಪಿಗಳಿಗೂ ಲಗತ್ತುಗಳಿಗೂ ದಾರಿಯಾಯಿತು. ಬ್ಯಾರಿ ವಾರ್ಸಾ ಬರೆದ ಮೈಮ್‌ಲಿಬ್ ಎಂಬ ಲೈಬ್ರರಿಯೇ 2001ರಲ್ಲಿ ಪೈಥಾನ್ 2.2ರೊಳಗೆ ಈಮೇಲ್ ಎಂಬ ಹೆಸರಿನಿಂದ ಸೇರಿತು. ಈಗಿನ ಸುಧಾರಿತ ರೂಪ ಸ್ಥಿರಗೊಂಡದ್ದು 2016ರ ಪೈಥಾನ್ 3.6ರಲ್ಲಿ.

ಕಾರ್ಯವಿಧಾನ

ಸಂದೇಶವನ್ನು ಬಿಡಿಸುವ ಭಾಗವಾದ ಪಾರ್ಸರ್ ಮೊದಲು ತಲೆಸಾಲುಗಳನ್ನು ಓದುತ್ತದೆ. ಆ ಬಳಿಕದ ಖಾಲಿ ಸಾಲಿನಿಂದಾಚೆಗೆ ಸಂದೇಶದ ಒಡಲು ಶುರುವಾಗುತ್ತದೆ. ಹಲವು ಭಾಗಗಳಿರುವ ಸಂದೇಶವನ್ನು ಮರದ ಕೊಂಬೆಗಳಂತೆ ಒಂದರೊಳಗೊಂದಾಗಿ ಜೋಡಿಸಿಡುತ್ತದೆ. ಸಂದೇಶ ನಿಯಮ ಮೀರಿದ್ದರೂ ಸಾಮಾನ್ಯವಾಗಿ ಓದು ನಿಲ್ಲುವುದಿಲ್ಲ. ಕಂಡ ದೋಷಗಳು ಪ್ರತ್ಯೇಕ ಪಟ್ಟಿಯಲ್ಲಿ ದಾಖಲಾಗುತ್ತವೆ.

ಕನ್ನಡ ಸಂದೇಶಗಳು

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ‘ವಳಸಂಗ’ದ ಹೆಸರು ವಿಷಯದ ಸಾಲಿನಲ್ಲಿದ್ದರೆ, ಅನುಸ್ವಾರವೂ ಸೇರಿ 5 ಸಂಕೇತ, 15 ಬೈಟ್, ಬೈಟ್‌ಗಳನ್ನು ಆಸ್ಕಿ ಚಿಹ್ನೆಗಳಾಗಿ ಬರೆಯುವ ಬೇಸ್64 ರೂಪದಲ್ಲಿ 20 ಚಿಹ್ನೆ. ಹೀಗೆ ಸಂಕೇತೀಕರಿಸಿದ ಒಂದು ತುಂಡು 75 ಚಿಹ್ನೆ ಮೀರುವಂತಿಲ್ಲ. ತುಂಡಿನ ಆರಂಭ, ಕೊನೆಗಳ ಗುರುತಿನ ಚಿಹ್ನೆಗಳನ್ನು ಕಳೆದರೆ ಒಂದು ತುಂಡಿನಲ್ಲಿ ಹಿಡಿಯುವುದು ಹೆಚ್ಚೆಂದರೆ 15 ಸಂಕೇತ. ಆದ್ದರಿಂದ ಉದ್ದನೆಯ ಕನ್ನಡ ವಿಷಯ ಹಲವು ತುಂಡುಗಳಾಗುತ್ತದೆ, ಒತ್ತಕ್ಷರದ ನಡುವೆಯೂ ಸೀಳಬಹುದು. ತುಂಡುಗಳ ನಡುವಿನ ಖಾಲಿ ಜಾಗವನ್ನು ತೆಗೆದೇ ಜೋಡಿಸಬೇಕೆಂಬುದು ನಿಯಮ. ಅದನ್ನು ಉಳಿಸಿಕೊಂಡರೆ ‘ಕನ್ನಡ’ವು ‘ಕನ್ ನಡ’ ಆಗಿಬಿಡುತ್ತದೆ.

ಈ ಜೋಡಣೆಯನ್ನು ಲೈಬ್ರರಿಯ ಹೊಸ ರೂಪ ತಾನೇ ಮಾಡುತ್ತದೆ. ಆದರೆ ಹಳೆಯ ಪ್ರೋಗ್ರಾಮ್‌ಗಳು ಕೆಡದಿರಲೆಂದು, ಬೇರೆ ಸೂಚನೆ ಕೊಡದಿದ್ದರೆ ಪಾರ್ಸರ್ ಹಳೆಯ ‘ನೀತಿ’ಯನ್ನೇ, ಎಂದರೆ ಓದುವ ಹಳೆಯ ನಿಯಮಗಳನ್ನೇ, ಅನುಸರಿಸುತ್ತದೆ. ಆಗ ವಿಷಯದ ಸಾಲು ಸಂಕೇತರೂಪದಲ್ಲೇ ಉಳಿಯುತ್ತದೆ. ಕನ್ನಡ ಸಂದೇಶ ಓದುವ ಪ್ರೋಗ್ರಾಮ್ ಬರೆಯುವವರು ಹೊಸ ನೀತಿಯನ್ನು ಹೆಸರಿಸಿಯೇ ಕೇಳಬೇಕು.

ಮಿತಿ

ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದ ಪಠ್ಯವನ್ನು ಲೈಬ್ರರಿ ಕನ್ನಡವೆಂದು ಗುರುತಿಸದು, ಲ್ಯಾಟಿನ್ ಚಿಹ್ನೆಗಳಾಗಿಯೇ ಒಪ್ಪಿಸುತ್ತದೆ. ಅಂಥ ಪಠ್ಯವನ್ನು ಯೂನಿಕೋಡ್‌ಗೆ ತರಲು ಬೇರೆ ಪರಿವರ್ತಕ ಬೇಕು.